ನಮ್ಮವರು ಕೊನೆಗೆ

ವ್ಯಾನ್ ಎಡಕ್ಕೆ ತಿರುಗಿದಾಗ ಒಳಗಿದ್ದವರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿದರು.

ಎಡಕ್ಕಿದ್ದದ್ದು ಅವನ ಓಣಿ. ಡಯಾಲಿಸಿಸ್ ಕೇಂದ್ರದಿಂದ ಹೊರಟರೆ ಮೊದಲು ಸಿಗುವುದು ಅದೇ. ಆದರೂ ಇಷ್ಟು ದಿನ ವ್ಯಾನ್ ಅದನ್ನು ದಾಟಿ ನೇರವಾಗಿ ಹೋಗಿ, ರೋಗಿಗಳನ್ನು ಅವರವರ ಬಾಗಿಲಿಗೆ ಬಿಟ್ಟು, ಶೆಡ್ಡಿಗೆ ವಾಪಸ್ಸಾಗುವ ದಾರಿಯಲ್ಲಷ್ಟೇ ಅವನನ್ನು ಓಣಿಯ ಬಾಯಲ್ಲಿ ಇಳಿಸುತ್ತಿತ್ತು.

"ಇಳೀರಿ," ಅಂದಳು ಡ್ರೈವರ್. ಕನ್ನಡಿಯಲ್ಲಿ ಅವನ ಕಡೆ ನೋಡಲಿಲ್ಲ.

"ಈಗಲಾ?"

"ನಿಮ್ಮನೆ ಇದೇ ತಾನೆ?"

"ನಿನ್ನೆಯೂ ಇಲ್ಲೇ ಇತ್ತು, ಕ್ಯಾಪ್ಟನ್."

ಹಿಂದಿನ ಸೀಟಿನಲ್ಲಿ ಮುದುಕ ದರ್ಜಿ ಕಿಸಕ್ಕೆಂದ. ಪಕ್ಕದಲ್ಲಿದ್ದ ಟೀಚರಜ್ಜಿ ಕನ್ನಡಕ ಸರಿಮಾಡಿಕೊಂಡು, ಉತ್ತರ ತಪ್ಪು ಬರೆದ ಮಕ್ಕಳನ್ನು ನೋಡುವಂತೆ ಇಬ್ಬರನ್ನೂ ನೋಡಿದರು. ಅವನು ಬ್ಯಾಗ್ ಎತ್ತಿಕೊಂಡು ಇಳಿದ. ಉಬ್ಬುತಗ್ಗುಗಳ ಆ ಇಕ್ಕಟ್ಟಿನ ಓಣಿಯಲ್ಲಿ ವ್ಯಾನ್ ಹಿಂದೆ ಮುಂದೆ ಹೊರಳಾಡಿ, ಒಳಗಿದ್ದವರ ತಲೆಗಳನ್ನು ಅಲ್ಲಾಡಿಸುತ್ತ, ಹರಸಾಹಸ ಮಾಡಿ ಹೊರಗೆ ಹೋಯಿತು.

ಅವನು ಕೇಂದ್ರದ ನರ್ಸ್. ನರ್ಸ್ ಅಂದರೆ ಸಿಸ್ಟರ್ ಎಂದೇ ರೂಢಿಯಾಗಿದ್ದ ರೋಗಿಗಳು ಅವನನ್ನು 'ಸಿಸ್ಟರಣ್ಣ' ಎಂದು ಕರೆಯುತ್ತಿದ್ದರು. ಮೊದಲು ಸಿಟ್ಟು ಬರುತ್ತಿತ್ತು, ಈಗ ಬೇರೆ ಹೆಸರಿನಿಂದ ಕರೆದರೆ ತಿರುಗಿ ನೋಡುವುದೂ ಅನುಮಾನ.

ಕೆಲಸಕ್ಕೆ ಸೇರಿದ ದಿನ ವ್ಯಾನ್ ಹತ್ತಿ, "ಮೊದಲು ಸಿಗೋದು ನಮ್ಮನೆ," ಎಂದಿದ್ದ.

"ನೀವು ಪೇಷಂಟಾ, ಸ್ಟಾಫಾ?"

"ಸ್ಟಾಫ್."

"ಹಾಗಾದ್ರೆ ನಮ್ಮವರು. ನಮ್ಮವರು ಕೊನೆಗೆ."

ದಿನವಿಡೀ ನಿಂತ ಕಾಲಿಗೆ ಆ ಮಾತು ಚುಚ್ಚಿತ್ತು. ಎಂಥ ದುರಹಂಕಾರದ ಹೆಂಗಸು ಎಂದುಕೊಂಡಿದ್ದ. ಆಮೇಲೆ ಅವಳು ಗಾಡಿ ಓಡಿಸುವುದನ್ನು ನೋಡಿದ. ಗಂಟೆಗಟ್ಟಲೆ ಯಂತ್ರಕ್ಕೆ ರಕ್ತ ಕೊಟ್ಟು, ಅದು ಸೋಸಿದ್ದನ್ನು ವಾಪಸ್ ಪಡೆದು ಬಂದವರು ಹಿಂಡಿದ ಬಟ್ಟೆಯಂತೆ ಸೀಟಿಗೆ ಒರಗಿರುತ್ತಾರೆ. ಅವರಿಗೆ ಪ್ರತಿ ಹಂಪೂ ಒಂದು ಬೆಟ್ಟ. ಅವಳು ಹಂಪ್ ದಾಟಿಸುವ ರೀತಿಯೋ, ನಿದ್ದೆ ಹೋದ ಮಗುವನ್ನು ತೋಳಿಂದ ಹಾಸಿಗೆಗೆ ಇಳಿಸಿದ ಹಾಗೆ.

ಅಂದಿನಿಂದ ಅವನೂ ಸುಮ್ಮನೆ ಕೂರಲಿಲ್ಲ. ಒಬ್ಬೊಬ್ಬರ ಬಾಗಿಲಲ್ಲೂ ಇಳಿದು ತೋಳು ಕೊಟ್ಟ. ಕೊನೆಯವನಾಗಿ ಮನೆ ಸೇರುವುದರಲ್ಲಿ ಒಂದು ಗತ್ತು ಬಂತು. ಬೇಗ ಮನೆಗೆ ಹೋಗುವ ಗೆಳೆಯರನ್ನು ಕಂಡರೆ, ಪಾಪ, ಇವರನ್ನು ಯಾರೂ ನಮ್ಮವರು ಅನ್ನುವುದಿಲ್ಲವಲ್ಲ ಎನಿಸುತ್ತಿತ್ತು.

ಟೀಚರಜ್ಜಿ ಎಲ್ಲರಿಗಿಂತ ದೂರದವರು. ಅವರು ಇಳಿದ ಮೇಲೆ ಅವನು ಮುಂದಿನ ಸೀಟಿಗೆ ಬರುತ್ತಿದ್ದ. ಅಲ್ಲಿಂದ ಅವನ ಓಣಿಯವರೆಗಿನ ರಸ್ತೆ ಇಬ್ಬರದ್ದು. ರೇಡಿಯೋದ ಹಾಡಿಗೆ ಅವಳು ತಪ್ಪು ಪದ ಸೇರಿಸಿ ಹಾಡುತ್ತಿದ್ದಳು. ಅವನು ತಿದ್ದಿದರೆ, "ನನ್ನ ಪದವೇ ಚೆನ್ನಾಗಿದೆ," ಎಂದು ಹುಬ್ಬೇರಿಸುತ್ತಿದ್ದಳು. ನಗು ಬಂದರೆ ಮೊದಲು ಅವಳ ಎಡಗೆನ್ನೆ ನಗುತ್ತಿತ್ತು. ಬಲಗೆನ್ನೆ ಸ್ವಲ್ಪ ಯೋಚಿಸಿ ಆಮೇಲೆ ಸೇರಿಕೊಳ್ಳುತ್ತಿತ್ತು. ಅವನು ಕೂರುತ್ತಿದ್ದದ್ದು ಎಡಗಡೆ. ಆ ಅದೃಷ್ಟಕ್ಕೆ ಅವನು ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯದು.

ಆ ಎಡತಿರುವಿನ ಹಿಂದಿನ ಸಂಜೆ ಸಿಗ್ನಲ್ ಕೆಂಪಾಗಿತ್ತು. ರೇಡಿಯೋ ತಿರುಗಿಸಲು ಇಬ್ಬರ ಕೈಗಳೂ ಒಟ್ಟಿಗೇ ಹೋದವು. ಅವಳ ಬೆರಳು ಹಿಂದೆ ಸರಿಯಲಿಲ್ಲ. ಅವನದೂ ಸರಿಯಲಿಲ್ಲ. ಹಸಿರು ಬಂದು, ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸಿದ ಮೇಲಷ್ಟೇ ಇಬ್ಬರಿಗೂ ಲೋಕದ ನೆನಪಾಯಿತು.

ಮರುದಿನವೇ ಈ ಎಡತಿರುವು.

ಅದರ ಮರುದಿನವೂ ಹಾಗೇ ಆಯಿತು. ಎರಡನೆಯ ಸಲ ಇಳಿಸಿದಾಗ ಅವನಿಗೆ ಅರ್ಥವಾಯಿತು, ಅಥವಾ ಹಾಗೆಂದು ಅವನು ತಿಳಿದ. ತನ್ನ ಬೆರಳು ಅವಳಿಗೆ ಅಸಹ್ಯವಾಗಿರಬೇಕು. ಬಾಯಿ ಬಿಟ್ಟು ಹೇಳಲಾರದೆ ಹೀಗೆ ದೂರ ಇಡುತ್ತಿದ್ದಾಳೆ.

ಮರುದಿನ ಮಧ್ಯಾಹ್ನ ಶೆಡ್ಡಿಗೆ ಹೋದ. ಅವಳು ಪೈಪು ಹಿಡಿದು ಚಕ್ರ ತೊಳೆಯುತ್ತಿದ್ದಳು.

"ಇವತ್ತಿಂದ ನಾನು ಬಸ್ಸಲ್ಲಿ ಹೋಗ್ತೀನಿ. ನಿಮಗೆ ಓಣಿಗೆ ತಿರುಗೋ ತಾಪತ್ರಯ ಬೇಡ."

"ಸರಿ," ಅಂದಳು.

ಅಷ್ಟೇ. ಆದರೆ ನೀರು ಅದೇ ಚಕ್ರದ ಮೇಲೆ ಸುರಿಯುತ್ತಲೇ ಇತ್ತು, ಚಕ್ರ ಎಂದೋ ಫಳಫಳ ಹೊಳೆಯುತ್ತಿದ್ದರೂ.

ಎಷ್ಟು ಘನತೆಯಿಂದ ದೂರ ಸರಿದೆ ಎಂದು ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ವಾರ್ಡಿಗೆ ನಡೆದ. ಎದೆ ಮಾತ್ರ ಬೆನ್ನಿನ ಮಾತು ಕೇಳಲಿಲ್ಲ.

ಟೀಚರಜ್ಜಿಯ ತೋಳಿಗೆ ಸೂಜಿ ಹಾಕುವಾಗ ಅವರೇ ಶುರು ಮಾಡಿದರು.

"ಸಿಸ್ಟರಣ್ಣ, ಮೊನ್ನೆ ನಾನು ಎಲ್ಲಿದ್ದೆ ಗೊತ್ತಾ? ಮೆಟ್ಟಿಲ ಮೇಲೆ."

"ಯಾವ ಮೆಟ್ಟಿಲು?"

"ನಮ್ಮನೇದೇ. ಪಕ್ಕದ ಮನೆ ಹುಡುಗಿ ನನ್ನ ಹಿಡ್ಕೊಂಡು ಮೇಲೆ ಹತ್ತಿಸಿ, ಆಮೇಲೆ ನೈಟ್ ಶಿಫ್ಟಿಗೆ ಓಡ್ತಾಳೆ. ನಿನ್ನ ಓಣೀಲಿ ಗಾಡಿ ಹೊರಳಾಡಿ ಬರೋಷ್ಟರಲ್ಲಿ ಪಾಪ ಅವಳು ಕಾದು ಕಾದು ಹೋಗಿದ್ಲು. ಕ್ಯಾಪ್ಟನ್‌ಗೆ, ಹುಡುಗಿ ಒಳಗಿದ್ದಾಳೆ ನೀ ಹೋಗು ಅಂತ ಸುಳ್ಳು ಹೇಳಿ ಕಳಿಸ್ದೆ. ಕತ್ತಲಾಗೋವರೆಗೂ ಕೆಳಗಿನ ಮೆಟ್ಟಿಲೇ ಸಿಂಹಾಸನ."

ಅವನ ಕೈ ನಿಂತಿತು. "ಯಾಕೆ ಸುಳ್ಳು ಹೇಳಿದ್ರಿ?"

"ಕ್ಯಾಪ್ಟನ್ ಮುಖ ನೋಡ್ಬೇಕಿತ್ತು. ನನ್ನ ಬದಲು ಅವಳನ್ನೇ ಈ ಮಂಚದ ಮೇಲೆ ಮಲಗಿಸ್ಬೇಕು, ಹಾಗಿತ್ತು."

"ಇನ್ಮೇಲೆ ತಡ ಆಗಲ್ಲ ಬಿಡಿ. ನಾನು ಬಸ್ಸಲ್ಲಿ ಹೋಗ್ತೀನಿ."

"ಭೇಷ್!" ಅಂದರು ಟೀಚರಜ್ಜಿ. "ನೀನು ಬಸ್ಸು ಹತ್ತಿದ್ರೆ ನನ್ನ ವ್ಯಾನಿಂದ ಇಳಿಸೋರು ಯಾರು? ಆ ದರ್ಜಿನಾ? ಅವನನ್ನ ಇಳಿಸೋಕೇ ಇಬ್ಬರು ಬೇಕು."

"ಟೀಚರ್, ನನಗೆ ಕೇಳಿಸ್ತಿದೆ," ಅಂತು ಪಕ್ಕದ ಮಂಚ.

"ಕೇಳಿಸ್ಲಿ ಅಂತಾನೇ ಹೇಳಿದ್ದು. ಹೋಗು, ಆ ಕ್ಯಾಪ್ಟನ್‌ನ ಕರ್ಕೊಂಡು ಬಾ. ಇನ್ನು ನಾಲ್ಕು ಗಂಟೆ ಹೊತ್ತು ನಾನಂತೂ ಎಲ್ಲಿಗೂ ಓಡಿಹೋಗಲ್ಲ."

ಅವಳು ಬಂದಳು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಮಂಚದ ಬುಡದಲ್ಲಿ ನಿಂತಳು. ಮೆಟ್ಟಿಲಿನ ಸಂಗತಿ ಕೇಳುತ್ತ ಕೇಳುತ್ತ ಅವಳ ಮುಖದ ಬಣ್ಣ ಇಳಿಯಿತು. ಯಂತ್ರಗಳು ತಮ್ಮ ಪಾಡಿಗೆ ಗುಯ್‌ಗುಡುತ್ತಿದ್ದವು.

"ತಪ್ಪು ನಂದು," ಅಂದಳು.

"ಅದು ಗೊತ್ತಾಯ್ತು. ಯಾಕೆ ಅಂತ ಹೇಳು."

ಅವಳು ಅವನ ಕಡೆ ನೋಡದೆ, ಟೀಚರಜ್ಜಿಯ ಹೊದಿಕೆಯ ಅಂಚನ್ನು ಮಡಿಸುತ್ತ ಮಾತಾಡಿದಳು.

"ನಮ್ಮಮ್ಮ ಹಾಸ್ಟೆಲಲ್ಲಿ ಅಡುಗೆ ಮಾಡ್ತಿದ್ಲು, ಟೀಚರ್. ಬಡಿಸೋಳ ಮಗಳು ಅಂತ ನನಗೆ ಯಾವಾಗ್ಲೂ ಕೊನೇ ತಟ್ಟೆ. ಚಿಕ್ಕೋಳಿದ್ದಾಗ ಅತ್ತಿದ್ದೀನಿ. ದೊಡ್ಡೋಳಾದ್ಮೇಲೆ ಅವಳನ್ನ ನೆನೆಸ್ಕೊಂಡ್ರೆ ಹೆಮ್ಮೆ ಆಗ್ತಿತ್ತು. ನಾನೂ ಹಾಗೇ ಬದುಕ್ಬೇಕು ಅಂದ್ಕೊಂಡೆ. ನಮ್ಮವರನ್ನ ಕೊನೆಗೆ ನಿಲ್ಲಿಸೋದು ಅಂದ್ರೆ ಏನೋ ಒಂದು ಬಿಟ್ಟುಕೊಡೋದು, ಅಲ್ವಾ?"

"ಮುಂದಕ್ಕೆ ಹೇಳು."

"ಇವರನ್ನ ಕೊನೆಗೆ ಇಳಿಸೋದ್ರಲ್ಲಿ ನಾನು ಏನೂ ಬಿಟ್ಟುಕೊಡ್ತಿರ್ಲಿಲ್ಲ." ಅವಳ ದನಿ ಸಣ್ಣದಾಯಿತು. "ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡ್ದಾಗಿಂದ ಅದಕ್ಕೇ ಕಾಯ್ತಿದ್ದೆ. ಸಿಗ್ನಲ್ ಬೇಗ ಹಸಿರಾಗದೇ ಇರ್ಲಿ ಅಂತ ಆಸೆ ಪಡ್ತಿದ್ದೆ. ಬಾಯಲ್ಲಿ ನಮ್ಮವರು ಕೊನೆಗೆ ಅಂತೀನಿ, ಒಳಗೆ ನೋಡಿದ್ರೆ ಬರೀ ದುರಾಸೆ. ನನಗೇ ನಾಚಿಕೆ ಆಯ್ತು. ಅದಕ್ಕೇ..."

"ಅದಕ್ಕೇ ಮೊದಲು ಇಳಿಸಿದ್ರಿ," ಅಂದ ಅವನು.

ತನ್ನ ಜೊತೆಗಿನ ಸಂತೋಷಕ್ಕೆ ಹೆದರಿ ಒಬ್ಬಳು ತನ್ನನ್ನು ಓಣಿಯಲ್ಲಿ ಇಳಿಸಿ ಓಡಿಹೋಗಿದ್ದಾಳೆ! ಇಂಥ ಬಿರುದು ಇನ್ಯಾರಿಗೆ ಸಿಕ್ಕಿದೆ? ಕೊರಳೆತ್ತಿ ವಾರ್ಡಿನ ಎಲ್ಲ ಮಂಚಗಳಿಗೂ ಸಾರಬೇಕೆನಿಸಿತು. ಸಾರುವ ಅಗತ್ಯವಿರಲಿಲ್ಲ. ಎಲ್ಲ ಮಂಚಗಳೂ ಕಿವಿಯಾಗಿದ್ದವು.

ಟೀಚರಜ್ಜಿ ಸೂಜಿಯಿಲ್ಲದ ಕೈಯಿಂದ ಅವಳನ್ನು ಹತ್ತಿರ ಕರೆದರು.

"ನೀನು ಸುಖವಾಗಿದ್ದಾಗ ನಾನು ಹೊತ್ತಿಗೆ ಸರಿಯಾಗಿ ಮನೆ ಸೇರ್ತಿದ್ದೆ. ನೀನು ಸುಖ ಬೇಡ ಅಂದೆ, ನಾನು ಮೆಟ್ಟಿಲ ಮೇಲೆ ಕೂತೆ. ಈಗ ನೀನೇ ಹೇಳು, ನೋಡ್ಬೇಕಾದ್ದು ನಾಲ್ಕು ಜನಕ್ಕೆ ಒಳ್ಳೇದಾಯ್ತಾ ಅಂತಲೋ, ನೀನೆಷ್ಟು ಸೊರಗಿದೆ ಅಂತಲೋ?"

ಅವಳು ಮಡಿಸಿದ್ದ ಹೊದಿಕೆಯ ಅಂಚನ್ನು ಮತ್ತೆ ಬಿಡಿಸಿದಳು.

"ನನ್ನ ಅಭಿಪ್ರಾಯ ಏನಂದ್ರೆ..." ಎಂದ ದರ್ಜಿ, ಕಣ್ಣು ಮುಚ್ಚಿಕೊಂಡೇ.

"ನೀವು ಮಲಗಿದ್ದೀರಿ," ಅಂದರು ಟೀಚರಜ್ಜಿ.

"ನಿದ್ದೆಯಲ್ಲೇ ಹೇಳ್ತಿದ್ದೀನಿ. ಹುಡುಗ ಕೊನೆಗೇ ಇಳೀಲಿ. ನನ್ನ ಮೂಳೆಗೆ ಅದೇ ಒಳ್ಳೇದು."

ವಾರ್ಡು ನಕ್ಕಿತು. ಅವಳ ಎಡಗೆನ್ನೆ ನಕ್ಕಿತು. ಬಲಗೆನ್ನೆ ಈ ಸಲ ಯೋಚನೆ ಮಾಡಲಿಲ್ಲ.

"ಕ್ಯಾಪ್ಟನ್," ಅಂದ ಅವನು, "ನಾನೇನೂ ನಿಮಗಿಂತ ದೊಡ್ಡ ತ್ಯಾಗಿ ಅಲ್ಲ. ನಾನೂ ಕೆಂಪು ಸಿಗ್ನಲ್ಲಿಗೇ ಕಾಯ್ತಿದ್ದೆ."

"ಗೊತ್ತು," ಅಂದಳು. "ಕನ್ನಡಿ ಇರೋದು ಬರೀ ಹಿಂದಿನ ಗಾಡಿ ನೋಡೋಕಲ್ಲ."

ಆ ಸಂಜೆ ವ್ಯಾನ್ ಎಡಕ್ಕೆ ತಿರುಗಲಿಲ್ಲ. ಓಣಿ ದಾಟುವಾಗ ದರ್ಜಿ ಚಪ್ಪಾಳೆ ತಟ್ಟಿದ. ಒಂದೊಂದು ಬಾಗಿಲಲ್ಲೂ ಅವನು ಇಳಿದು ತೋಳು ಕೊಟ್ಟ, ಅವಳು ಎಂಜಿನ್ ತಗ್ಗಿಸಿ ಕಾದಳು. ಟೀಚರಜ್ಜಿಯ ಮನೆಯ ಮುಂದೆ ಪಕ್ಕದ ಮನೆಯ ಹುಡುಗಿ ಕೈ ಬೀಸುತ್ತ ನಿಂತಿದ್ದಳು. ಟೀಚರಜ್ಜಿ ಅವಳ ಹೆಗಲು ಹಿಡಿದು, ರಾಣಿಯ ಠೀವಿಯಲ್ಲಿ, ತಿರುಗಿ ನೋಡದೆ ಮೇಲೆ ಹತ್ತಿದರು.

ಅವನು ಮುಂದಿನ ಸೀಟಿಗೆ ಬಂದ. ರೇಡಿಯೋ ಹಾಕಲು ಇಬ್ಬರಿಗೂ ನೆನಪಾಗಲಿಲ್ಲ. ಓಣಿಯ ಬಾಯಿ ಬಂತು. ವ್ಯಾನ್ ನಿಲ್ಲಲಿಲ್ಲ.

"ನಮ್ಮನೆ ಹಿಂದೆ ಹೋಯ್ತು."

"ನೋಡ್ದೆ."

ಅವಳು ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲುಗಳನ್ನು ಒಂದೊಂದಾಗಿ ಎಳೆದು ನೋಡಿ, ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು ಬಂದಳು.

"ಗಾಡಿ ಪೇಷಂಟ್‌ಗಳದ್ದು," ಅಂದಳು. "ನಮಗೆ ಕಾಲಿದೆಯಲ್ಲ. ಎಲ್ಲರದ್ದೂ ಆಯ್ತು. ಈಗ ನಮ್ದು."

ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. ಅವಳು ಕೈ ಚಾಚಿದಳು, ಅವನು ಹಿಡಿದುಕೊಂಡ. ಹಾರ್ನ್ ಬಾರಿಸುವವರು ಯಾರೂ ಇರಲಿಲ್ಲ.

"ನಿಮ್ಮನೆ ದೂರನಾ?" ಎಂದು ಕೇಳಿದ.

ಅವಳು ಸ್ವಲ್ಪ ಯೋಚಿಸಿದಳು.

"ನಿಧಾನ ನಡೆದ್ರೆ, ತುಂಬಾ ದೂರ."

ಅವನು ಹೆಜ್ಜೆಯನ್ನು ಆದಷ್ಟು ಚಿಕ್ಕದು ಮಾಡಿದ.