ಗುರುವಾರ ಮೂರು ಗಂಟೆಯ ಸರದಿ

"ಇದು ನನ್ನ ಸಮಯ."

ತೂವಾಳ ದನಿ ತಣ್ಣಗಿತ್ತು. ಇಡೀ ಕಟ್ಟಡಕ್ಕೆ ಸೇರಿದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಅವಳು ಕಾದಿರಿಸಿದ ಯಂತ್ರದೊಳಗೆ, ಯಾರದೋ ನೀಲಿ ಅಂಗಿಗಳು ಗಿರಗಿರನೆ ಸುತ್ತುತ್ತಿದ್ದವು.

ಬನಿಯನ್ನಿನಲ್ಲಿ ಕುಳಿತಿದ್ದ ಗಂಡಸು ದಡಬಡನೆ ಎದ್ದ. "ಕ್ಷಮಿಸಿ. ಗುರುವಾರ ಮೂರು ಗಂಟೆ ಖಾಲಿ ಇದೆ ಅಂದ್ಕೊಂಡೆ..."

"ಗುರುವಾರ ಮೂರು ಗಂಟೆ ನಾಲ್ಕು ವರ್ಷದಿಂದ ನಂದೇ."

"ನಾಲ್ಕು ವರ್ಷದಿಂದ? ಹಾಗಾದ್ರೆ ಗೋಡೆ ಮೇಲೆ ನಿಮ್ಮ ಫೋಟೋನಾದ್ರೂ ಹಾಕ್ಬೇಕಿತ್ತು."

ತೂವಾ ನಗಲಿಲ್ಲ. ನಮ್ಮ ನೋರ್‌ಶೋಪಿಂಗ್ ಊರಿನಲ್ಲಿ ಒಬ್ಬರ ಒಗೆಯುವ ಸರದಿಗೆ ಇನ್ನೊಬ್ಬರು ಕೈ ಹಾಕುವುದೆಂದರೆ ಪಕ್ಕದ ಮನೆಯವರ ಹಾಸಿಗೆಯಲ್ಲಿ ಮಲಗಿದಷ್ಟೇ ದೊಡ್ಡ ತಪ್ಪು. ಆದರೂ ಅವನ ಒದ್ದೆ ತೋಳುಗಳ ಮೇಲೆ ಅವಳ ಕಣ್ಣು ಒಂದು ಕ್ಷಣ ಹೆಚ್ಚೇ ನಿಂತಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವನು ಟೋರ್ಕೆಲ್. ಟ್ರಾಮ್ ಓಡಿಸುತ್ತಿದ್ದ. ಸೆಪ್ಟೆಂಬರಿನಲ್ಲಷ್ಟೇ ಮೂರನೇ ಮಹಡಿಗೆ, ಅವಳ ಎದುರು ಬಾಗಿಲಿಗೆ ಬಂದಿದ್ದ.

ತೂವಾಗೆ ನಲವತ್ತೊಂದು. ದಿನವಿಡೀ ಒಂದು ಲ್ಯಾಬಿನಲ್ಲಿ ಒಬ್ಬಳೇ ಕುಳಿತು ಯಾರ್‍ಯಾರದೋ ಬಾಯಿಗೆ ಕೃತಕ ಹಲ್ಲು ಮಾಡುತ್ತಿದ್ದಳು. ಹಿಂದೆ ಹೆನ್ನಿಂಗ್ ಎಂಬ ಗಂಡನಿದ್ದ. 'ನೀನಿಲ್ಲದೆ ನಾನಿಲ್ಲ' ಎಂದು ಒಂಬತ್ತು ವರ್ಷ ದಿನವೂ ಹೇಳಿದ. ಯೆವ್ಲೆ ಎಂಬ ಊರಿನಲ್ಲಿ ಅವನಿಗೆ ಇನ್ನೊಂದು ಸಂಸಾರ, ಐದು ವರ್ಷದ ಮಗಳು ಇದ್ದದ್ದು ಆಮೇಲೆ ಗೊತ್ತಾಯಿತು. ಅಂದಿನಿಂದ ಸಿಹಿ ಮಾತು ಕೇಳಿದರೇ ಅವಳ ಮೈ ಬಿಗಿಯುತ್ತಿತ್ತು.

ಟೋರ್ಕೆಲ್‌ಗೆ ಸಿಹಿ ಮಾತು ಬರುತ್ತಿರಲಿಲ್ಲ. ತನ್ನ ಸರದಿಯನ್ನು ಅವಳ ನಂತರಕ್ಕೆ ಹಾಕಿಕೊಂಡ. ಪ್ರತಿ ಗುರುವಾರ ಆ ಸರದಿಗಿಂತ ಅರ್ಧ ಗಂಟೆ ಮೊದಲೇ ಬಂದು, ಅವಳ ಹೊದಿಕೆಗಳ ಒಂದು ತುದಿ ಹಿಡಿದು ಮಡಿಸಲು ನಿಲ್ಲುತ್ತಿದ್ದ.

ನವೆಂಬರಿನ ಒಂದು ಗುರುವಾರ. ಮೂರೂವರೆಗೇ ಹೊರಗೆ ಕತ್ತಲು, ಹಿಮ ಬೆರೆತ ಜಿಟಿಜಿಟಿ ಮಳೆ. ಒಳಗೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಬಿಸಿ ಗಾಳಿ ಹೊಡೆಯುತ್ತಿತ್ತು. ಮಡಿಸುತ್ತಾ ಮಡಿಸುತ್ತಾ ಇಬ್ಬರ ಕೈಗಳು ಕೂಡಿದವು. ಈ ಸಲ ಯಾರೂ ಕೈ ಬಿಡಲಿಲ್ಲ.

"ತೂವಾ... ಬೇಡ ಅಂದ್ರೆ ಹೇಳು."

ಅವಳು ಹೇಳಲಿಲ್ಲ. ಅವನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡಳು. ಅವನ ತುಟಿ ಅವಳ ಕೊರಳಿಗೆ ತಾಗಿದಾಗ ನಾಲ್ಕು ವರ್ಷದಿಂದ ಯಾರೂ ಮುಟ್ಟದ ಮೈ ನಡುಗಿಹೋಯಿತು. ನೇತುಹಾಕಿದ ಹೊದಿಕೆಗಳ ನಡುವೆ, ಬೆವರಿನಲ್ಲಿ, ಉಸಿರು ಕಟ್ಟುವ ಬಿಸಿಯಲ್ಲಿ ಅವನ ಬೆನ್ನನ್ನು ಬೆರಳುಗಳಿಂದ ಹುಡುಕಿದಳು. ಆಮೇಲೆ ಇಬ್ಬರೂ ಮಾತಿಲ್ಲದೆ ಮೂರು ಮಹಡಿ ಹತ್ತಿದರು. ಅವನ ಹಾಸಿಗೆಯಲ್ಲಿ ಅವಳು ನಾಚಿಕೆ ಬಿಟ್ಟಳು, ಲೆಕ್ಕಾಚಾರ ಬಿಟ್ಟಳು, ಕೊನೆಗೆ ಅವನ ಹೆಸರನ್ನು ಕೂಗಿಯೂ ಬಿಟ್ಟಳು.

ಆ ಕೂಗೇ ಅವಳನ್ನು ಹೆದರಿಸಿತು.

ಸಂಜೆ ಆರು ಗಂಟೆಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಅವನತ್ತ ತಿರುಗದೆ ಹೇಳಿದಳು. "ಇದು ಯಾರಿಗೂ ಗೊತ್ತಾಗೋದು ಬೇಡ. ನನ್ನ ಪಾಡಿಗೆ ನನ್ನ ಬಿಟ್ಟುಬಿಡು."

"ಆಯ್ತು," ಎಂದ ಟೋರ್ಕೆಲ್.

ಅಷ್ಟೇ. ಏಕೆ ಎಂದು ಕೂಡ ಕೇಳಲಿಲ್ಲ.

ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿಸಿದರೆ, ಅವರು ಇಳಿದುಹೋಗುವ ತನಕ ಒಳಗೇ ಕಾಯುವುದು ನಮ್ಮ ಕಟ್ಟಡಗಳಲ್ಲಿ ಎಲ್ಲರ ಅಭ್ಯಾಸ. ಮರ್ಯಾದೆ ಎಂದೇ ಅದನ್ನು ಕರೆಯುತ್ತೇವೆ. ತೂವಾ ಕೂಡ ವರ್ಷಗಟ್ಟಲೆ ಹಾಗೆ ಕಾದವಳೇ. ಆದರೆ ಮರುದಿನ ಅವಳು ಬಾಗಿಲು ತೆರೆದಾಗ ಎದುರು ಬಾಗಿಲ ಹಿಂದೆ ಬೀಗದ ಕೈ ಗೊಂಚಲಿನ ಸದ್ದಾಯಿತು... ಬಾಗಿಲು ಮಾತ್ರ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಮುಂದಿನ ಗುರುವಾರ ಅವನು ನೆಲಮಾಳಿಗೆಗೂ ಬರಲಿಲ್ಲ.

'ನನ್ನ ಕಂಡರೆ ಅಡಗಿಕೊಳ್ತಾನೆ. ಅಷ್ಟು ಬೇಗ ಸಾಕಾದೆನಾ?'

ಅವಳು ಅತ್ತಳು. ಆಮೇಲೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು, ಓಡಿಹೋಗುವ ದಾರಿ ಹುಡುಕಿದಳು. ವೆಸ್ತೆರೋಸ್ ಎಂಬ ಊರಿನ ದಂಪತಿಗೆ ಇಲ್ಲಿ ಬಾಡಿಗೆ ಮನೆ ಬೇಕಿತ್ತು. ಇವಳ ಮನೆಗೆ ಅವರು, ಅವರ ಮನೆಗೆ ಇವಳು. ಶನಿವಾರ ಅವರು ಬಂದು ಪರದೆಗೆಂದು ಕಿಟಕಿ ಅಳೆದುಕೊಂಡೂ ಹೋದರು. ಅದಲುಬದಲಿನ ಪತ್ರಕ್ಕೆ ಮುಂದಿನ ಶುಕ್ರವಾರ ಸಹಿ ಹಾಕುವುದೊಂದೇ ಬಾಕಿ.

ಅದರ ಹಿಂದಿನ ದಿನ, ಗುರುವಾರ, ಅವಳು ಕೊನೆಯ ಸಲ ಕೆಳಗಿಳಿದಳು. ಹೊದಿಕೆ ಮಡಿಸುತ್ತಿದ್ದಾಗ ಬಾಗಿಲು ತೆರೆಯಿತು.

"ಇದು ನನ್ನ ಸಮಯ," ಎಂದಳು. ದನಿ ಒಡೆಯಿತು.

"ಗೊತ್ತು. ಅದಕ್ಕೇ ಬಂದೆ." ಟೋರ್ಕೆಲ್‌ನ ಮುಖ ಬಿಳುಚಿತ್ತು. "ಟೇಪು ಹಿಡ್ಕೊಂಡು ಬಂದಿದ್ರಲ್ಲ, ಅವರು ಹೇಳಿದ್ರು. ನೀನು ಹೋಗ್ತಿದೀಯಂತೆ."

"ನಿನಗೇನು? ದಿನಾ ಬೆಳಿಗ್ಗೆ ಬಾಗಿಲ ಹಿಂದೆ ಅಡಗಿ ನಿಲ್ಲೋನಿಗೆ?"

ಅವನು ಬೆಪ್ಪಾದ. "ಅಡಗಿ? ನಿನ್ನ ಪಾಡಿಗೆ ನಿನ್ನ ಬಿಡು ಅಂದೆಯಲ್ಲ ತೂವಾ. ನೀನು ಇಳಿದು ಹೋಗೋವರೆಗೂ ಕೋಟು ಹಾಕ್ಕೊಂಡು ನಿಂತಿರ್ತಿದ್ದೆ. ಎರಡು ಸಲ ಟ್ರಾಮ್ ತಡವಾಗಿ ಹೊರಟಿದೆ. ಬೈಸ್ಕೊಂಡಿದೀನಿ."

"ನಾನು ಹೇಳಿದೆ ಅಂತ..."

"ನೀನು ಹೇಳಿದ್ದನ್ನ ನಾನು ಮಾಡದಿದ್ರೆ, ನನ್ನ ಹೇಗೆ ನಂಬ್ತಿದ್ದೆ?"

ತೂವಾಳ ಕೈಯಿಂದ ಹೊದಿಕೆ ಜಾರಿತು. ಒಬ್ಬನು ದಿನವೂ ಮಾತು ಕೊಟ್ಟು ಮುರಿದಿದ್ದ. ಇವನು ಅವಳ ಮಾತನ್ನೇ ಉಳಿಸಿಕೊಂಡು ನೋವು ತಿಂದಿದ್ದ.

"ನನಗೆ ಕೇಳೋಕೆ ಬರಲ್ಲ," ಎಂದಳು ಮೆಲ್ಲಗೆ. "ಬೇಕು ಅಂತ ಹೇಳೋಕೂ ಬರಲ್ಲ. ಹೇಳಿದ್ರೆ ಕಿತ್ತುಕೊಳ್ತಾರೆ ಅನ್ಸತ್ತೆ."

"ನಾನು ಕೇಳ್ತೀನಿ. ಏನು ಬೇಕು ನಿಂಗೆ?"

ಯಂತ್ರ ಸುತ್ತಿ ಸುತ್ತಿ ನಿಂತಿತು. ಅವನು ಕಾದ. ಅವಸರ ಮಾಡಲಿಲ್ಲ, ಹತ್ತಿರವೂ ಬರಲಿಲ್ಲ.

"ನೀನು... ನೀನು ಬೇಕು ಟೋರ್ಕೆಲ್."

ಎರಡು ಹೆಜ್ಜೆ ಅವಳೇ ನಡೆದಳು. ಅವನ ಎದೆಗೆ ಹಣೆ ಒತ್ತಿ ಬಿಕ್ಕಿದಳು. ಅವನ ಬಾಯಿ ಅವಳ ಕಣ್ಣೀರಿನ ಉಪ್ಪನ್ನು ಹುಡುಕಿಕೊಂಡು ತುಟಿಯವರೆಗೆ ಬಂತು. ಬಹಳ ಹೊತ್ತು ಇಬ್ಬರೂ ಹಾಗೇ ನಿಂತರು.

"ವೆಸ್ತೆರೋಸ್‌ನವರಿಗೆ?" ಎಂದ ಅವಳ ಕೂದಲಿನೊಳಗೆ.

"ಬರಲ್ಲ ಅಂತೀನಿ."

"ಯಾಕೆ ಅಂತ ಕೇಳ್ತಾರೆ. ಕಿಟಕಿ ಎಲ್ಲಾ ಅಳೆದಿದಾರೆ ಪಾಪ. ಏನು ಹೇಳ್ತೀಯ?"

"ನಿನ್ನ ಹೆಸರು ಹೇಳ್ತೀನಿ."