ಏಳನೇ ನಂಬರ್ ಸುತ್ತಿಗೆ

ಗರಗಸದ ಹಲ್ಲು ನನ್ನ ಮಂಡಿಯಿಂದ ಒಂದೇ ಗೇಣು ದೂರ. ಅದರ ಎಂಜಿನ್ ಗುರುಗುಟ್ಟುತ್ತಿತ್ತು.

"ತುಂಡು ಎಲ್ಲಿ?" ಮರ ಕಡಿಯುವ ಗ್ಯಾಂಗಿನ ಮೇಸ್ತ್ರಿ ಕೇಳಿದ.

"ಯಾವ ತುಂಡು?"

"ನನ್ನ ಹತ್ರ ಆಟ ಆಡಬೇಡ ಕಣೋ! ಅಜ್ಜಿ ಮನೇದು. ಸುಡೋಕೆ ಹೇಳಿದ್ರಲ್ಲ ಮ್ಯಾನೇಜರ್ ಸಾಹೇಬ್ರು? ಹೊಗೇನೇ ಕಾಣಲಿಲ್ಲ!"

ಮಾವಿನ ಬುಡದ ಆ ತುಂಡು ನನ್ನ ಬೆನ್ನ ಹಿಂದಿನ ಜೀಪಿನಲ್ಲೇ ಇತ್ತು, ಸಾರ್. ಸೀಟಿನಡಿ.

ಮೊದಲಿನಿಂದ ಹೇಳುತ್ತೇನೆ, ಬರೆದುಕೊಳ್ಳಿ.

ನಾನು ಕಂಪನಿಯ ಫೀಲ್ಡ್ ಆಫೀಸರ್. ಹೆಸರಿಗಷ್ಟೇ ಆಫೀಸರ್... ಕೆಲಸ ಜನರನ್ನು ಒಕ್ಕಲೆಬ್ಬಿಸುವುದು. ಎಲ್ಲೋ ಫ್ಯಾಕ್ಟರಿಗಳು ಹೊಗೆ ಬಿಡುತ್ತವೆ. ಆ ಪಾಪ ತೊಳೆಯಲು ಅವುಗಳ ದುಡ್ಡಿನಲ್ಲಿ ನಮ್ಮ ಕಂಪನಿ ಇಲ್ಲಿ ನೀಲಗಿರಿ ನೆಡುತ್ತದೆ. ಷರತ್ತು ಒಂದೇ. ಜಾಗ ಮೊದಲಿನಿಂದ ಬೋಳಾಗಿರಬೇಕು. ಮರ ಇರಬಾರದು, ಜನ ಇರಬಾರದು.

ಇಲ್ಲಿ ಎರಡೂ ಇದ್ದವು.

ಮಾವಿನ ತೋಪನ್ನು ಮೂರು ವರ್ಷದ ಹಿಂದೆ ನಾವೇ ಕಡಿದೆವು. ಬುಡಗಳನ್ನು ಕಿತ್ತು ಸುಟ್ಟೆವು. ಹದಿನಾಲ್ಕು ಮನೆ ಉಳಿದವು. ಜಾಗ ಬೋಳಾಗಿತ್ತು ಎಂದು ಇವತ್ತು ಆಡಿಟರ್ ಮೇಡಂ ಸಹಿ ಹಾಕಿದರೆ ನಾಳೆ ಅವಕ್ಕೂ ಬುಲ್ಡೋಜರ್.

ಮ್ಯಾನೇಜರ್ ಹೇಳಿದಂತೆ ತುಂಡು ತಂದು ಸುಡಲು ಬೆಳಿಗ್ಗೆ ಹೋದಾಗ, ಆ ಮನೆಗಳಲ್ಲೊಂದರ ಅಜ್ಜಿ ಅದರ ಮೇಲೇ ಕೂತು ತರಕಾರಿ ಹೆಚ್ಚುತ್ತಿದ್ದಳು.

"ಏಳಜ್ಜಿ. ಅದು ಬೇಕು."

"ಬನ್ನಿ ಆಫೀಸರ್ರೇ! ನೆಲ ಆಯ್ತು, ಮರ ಆಯ್ತು, ಈಗ ಮುದುಕಿ ಕೂರೋ ಮಣೇನೂ ಬೇಕಾ? ಉಟ್ಟ ಬಟ್ಟೆ ಒಂದು ಬಾಕಿ ಐತೆ ನೋಡಪ್ಪಾ!"

"ಸುಮ್ನೆ ಕೊಡಜ್ಜಿ."

ಅವಳು ಎದ್ದಳು. ಕಾಲಿನಿಂದ ತುಂಡನ್ನು ಮಗುಚಿದಳು. "ಬುಡ ಕೀಳೋ ಮುಂಚೆ ಕೊಯ್ದಿಟ್ಕೊಂಡೆ. ಯಾರ ಗುರುತು ನೋಡು."

ನೋಡಿದೆ. ವರ್ಷಕ್ಕೊಂದರಂತೆ ನಲವತ್ತಕ್ಕೂ ಮೇಲೆ ಉಂಗುರ. ನಡುವೆ ಕಂಪನಿಯ ಅಕ್ಷರ, ವರ್ಷ, ಸುತ್ತಿಗೆಯ ನಂಬರ್... ಏಳು.

ನನ್ನದು!

ಕಡಿದ ಬುಡಕ್ಕೆಲ್ಲ ಅವರವರ ನಂಬರಿನ ಸುತ್ತಿಗೆಯಿಂದ ಮುದ್ರೆ ಹೊಡೆಯುವುದು ನಮ್ಮ ಕಸುಬಿನ ರೂಢಿ, ಸಾರ್. ಕದ್ದು ಕಡಿದದ್ದಕ್ಕೂ ಹೊಡೆದಿದ್ದೆ! ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಎದ್ದಿತ್ತು. ಕನ್ನ ಕೊರೆದವನು ಗೋಡೆಗೆ ಸಹಿ ಹಾಕಿ ಬಂದ ಹಾಗೆ!

"ನಾನು ತೋರಿಸಿದ್ರೆ ಕದ್ದ ಮಾಲು ಅಂತಾರೆ," ಅಜ್ಜಿ ಹೇಳಿದಳು. "ನೀನು ತೋರಿಸಿದ್ರೆ ನಂಬ್ತಾರೆ. ಸುಡ್ತೀಯೋ, ತೋರಿಸ್ತೀಯೋ... ನಿನ್ನಿಷ್ಟ ಕಣಪ್ಪ."

ಅವತ್ತು ಆ ಮರವನ್ನು ತಬ್ಬಿ ನಿಂತಿದ್ದವಳನ್ನು ಎಳೆದು ಬಿಸಾಕಿದ್ದು ನಾನೇ. ಇವತ್ತು ಅದನ್ನೆತ್ತಿ ಬೈದಿದ್ದರೆ ಸುಡುತ್ತಿದ್ದೆ. ಬೈಯಲಿಲ್ಲ.

ಜೀಪನ್ನು ಆಫೀಸಿನ ಕಡೆ ತಿರುಗಿಸಿದೆ. ಮೇಸ್ತ್ರಿ ದಾರಿಗೆ ಅಡ್ಡವಾಗಿ ನೀಲಗಿರಿ ಮರ ಉರುಳಿಸಿ ಕಾದಿದ್ದ.

"ಕೊನೇ ಸಲ ಕೇಳ್ತೀನಿ! ಕಾಲು ಬೇಕಾ, ತುಂಡು ಬೇಕಾ?"

"ಯೋಚನೆ ಮಾಡ್ತೀನಿ ಇರು."

ಗರಗಸ ಮೇಲೆದ್ದಿತು. ಜೀಪಿನ ಬಾಗಿಲನ್ನು ಎಳೆದು ಅಡ್ಡ ಹಿಡಿದೆ. ತಗಡು ಚೀರಿತು! ಕಿಡಿ! ಸರಪಳಿ ತುಂಡಾಗಿ ಅವನ ಮುಂಗೈಗೇ ಬಡಿಯಿತು. ಅವನು ಕೂಗುವಷ್ಟರಲ್ಲಿ ನಾನು ಜೀಪು ಹತ್ತಿ ನೀಲಗಿರಿ ಸಾಲುಗಳ ನಡುವೆ ನುಗ್ಗಿದ್ದೆ.

ಹಿಂದೆ ಅವನವರ ಎರಡು ಬೈಕು. ಎತ್ತ ತಿರುಗಿದರೂ ಒಂದೇ ಅಳತೆಯ ಮರ. ಹುಲ್ಲಿಲ್ಲ, ಹಕ್ಕಿಯಿಲ್ಲ. ಅವರಿಗೆ ದಾರಿ ತಪ್ಪಿತು. ನನಗೆ ತಪ್ಪಲಿಲ್ಲ... ನೆಡಿಸಿದವನು ನಾನು!

ಆಫೀಸಿನಲ್ಲಿ ಮೇಡಂ ಪೆನ್ನಿನ ಕ್ಯಾಪ್ ತೆಗೆದಿದ್ದರು. ಅವರ ಕಾಗದದ ಮೇಲೆಯೇ ತುಂಡನ್ನು ಇಳಿಸಿದೆ.

"ಇದೇನ್ರೀ?"

"ಇಲ್ಲಿ ಇರಲೇ ಇಲ್ಲವಲ್ಲ ಮೇಡಂ, ಆ ಮರ."

ಮ್ಯಾನೇಜರ್ ನಕ್ಕ. ಬೆವರುತ್ತಲೇ ನಕ್ಕ. "ಒಂಟಿ ಮರ ಮೇಡಂ! ಇವನೇ ಕದ್ದು ಕಡಿದಿದ್ದಾನೆ. ನಂಬರ್ ನೋಡಿ! ಈಗಲೇ ಪೊಲೀಸಿಗೆ ಕೊಡ್ತೀನಿ."

ಮೇಡಂ ಉಂಗುರಗಳನ್ನು ಎಣಿಸಿದರು. "ಒಂದು ಮರದಿಂದ ತೋಪು ಆಗಲ್ಲ. ತೋಪಿತ್ತು ಅನ್ನೋಕೆ ದಾಖಲೆ ಬೇಕು. ಸಂಜೆ ಐದರವರೆಗೆ ಕಾಯ್ತೀನಿ."

ಈಗ ನಾಲ್ಕೂವರೆ. ನಿಮ್ಮ ಸ್ಟೇಷನ್ನು, ನಿಮ್ಮ ಬೆಂಚು, ಕಂಪನಿ ಕೊಟ್ಟ ದೂರು. ಒಂದು ಮರ ಕಡಿದ ಕೇಸು. ಒಂದಕ್ಕಾದರೆ ಬೇಗ ಬಿಡುತ್ತಾರೆ ಎನ್ನುತ್ತೀರಿ.

ಒಪ್ಪಿದೆ ಸಾರ್. ಆದರೆ ಸಂಖ್ಯೆ ತಪ್ಪಾಗಿದೆ, ತಿದ್ದಿ. ಒಂದಲ್ಲ... ಮುನ್ನೂರ ಹನ್ನೆರಡು! ಪ್ರತಿಯೊಂದಕ್ಕೂ ನನ್ನ ಮುದ್ರೆ ಹೊಡೆದಿದ್ದೇನೆ. ಬರೆದು, ಸೀಲ್ ಹಾಕಿ, ತೋಪಿನ ದಾಖಲೆ ಅಂತ ಒಂದು ಕಾಪಿ ಐದರೊಳಗೆ ಮೇಡಂಗೆ ಕಳಿಸಿ.

ನಿಮ್ಮ ಪೆನ್ನು ಬರೆಯದಿದ್ದರೆ ಅವರದ್ದೇ ತರಿಸಿಕೊಳ್ಳಿ. ಇವತ್ತು ಅದಕ್ಕೆ ಬೇರೆ ಕೆಲಸ ಇರುವುದಿಲ್ಲ.