ಎಡಕ್ಕೆ ತೆರೆಯುವ ಕವರು

ಬೇಸಿಗೆ. ಮಧ್ಯಾಹ್ನ ಮೂರರ ಸುಮಾರು. ಊಟ ಮುಗಿಸಿ ಬಂದು ಅಂಗಡಿ ಬಾಗಿಲು ತೆಗೆದೆ. ಗಲ್ಲಾದ ಹಿಂದಿನ ಕಪಾಟು ನೋಡಿದೆ. ಕವರು ಇತ್ತು. ಒಳಗೆ ರೆಕಾರ್ಡು ಇರಲಿಲ್ಲ.

ನನ್ನದು ಹಳೆಯ ರೆಕಾರ್ಡುಗಳ ಅಂಗಡಿ. ಯಜಮಾನರು ಬಿಟ್ಟು ಹೋದದ್ದು. ಆ ರೆಕಾರ್ಡು ಕಳೆದ ತಿಂಗಳು ಗುಜರಿ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತ್ತು. ನಮ್ಮ ಬೀದಿಯ ಮೂವರು ಹುಡುಗರು ಒಂದು ಕಾಲದಲ್ಲಿ ಕಾರು ಶೆಡ್ಡಿನಲ್ಲಿ ಗಿಟಾರು, ಡ್ರಮ್ಮು ಬಾರಿಸಿ, ಒಂದೇ ಮೈಕಿನ ಮುಂದೆ ಕೂಗಾಡಿ ಮಾಡಿಕೊಂಡದ್ದು. ಅದನ್ನು ಪಂಕ್ ಅನ್ನುತ್ತಾರೆಂದು ಈಗ ಗೊತ್ತಾಯಿತು. ಆಗ ಬೀದಿಯವರು ತಲೆನೋವು ಅನ್ನುತ್ತಿದ್ದರು. ಯಾರೂ ಕೊಳ್ಳಲಿಲ್ಲ. ಈಗ ಉಳಿದಿರುವುದು ಈ ಒಂದೇ ಪ್ರತಿ. ಹೊಸದಾಗಿ ಅಚ್ಚು ಹಾಕಿಸುತ್ತೇವೆಂದು ರೆಕಾರ್ಡು ಕಂಪನಿಯವನೊಬ್ಬ ಬಂದಿದ್ದ. ನಾಳೆಯೇ ಒಯ್ಯುವವನಿದ್ದ.

ನನ್ನ ತಂಗಿಯ ಮಗಳು ಪೊಲೀಸ್ ಇನ್‌ಸ್ಪೆಕ್ಟರ್. ಫೋನು ಮಾಡಿದೆ. ಬಂದವಳೇ ಹಿತ್ತಲ ಬಾಗಿಲು ನೋಡಿದಳು.

“ಚಿಲಕ ಯಾಕೆ ಹಾಕಿಲ್ಲ ದೊಡ್ಡಮ್ಮ?”

“ಬೆಕ್ಕು ಬರುತ್ತಲ್ಲೇ.”

“ಬೆಕ್ಕಿಗೆ ಬಾಗಿಲು ತೆಗೆದಿಟ್ಟು, ಕಳ್ಳನ್ನ ಹುಡುಕೋಕೆ ನನ್ನ ಕರೀ! ರೆಕಾರ್ಡು ಎಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?”

ಮೂವರಿಗೆ. ಕಂಪನಿಯವನಿಗೆ. ಅಪರೂಪದ ರೆಕಾರ್ಡು ಕಂಡರೆ ಹಿಡಿದು ಬಿಡದ ಗಿರಾಕಿ ‘ಉಡ’ನಿಗೆ. ಮತ್ತೆ ಡ್ರಮ್ಮಣ್ಣನಿಗೆ. ಆ ಮೂವರು ಹುಡುಗರಲ್ಲಿ ಬದುಕಿರುವವನು ಅವನೊಬ್ಬನೇ. ಈಗ ಫ್ರಿಜ್ಜು ರಿಪೇರಿ ಮಾಡುತ್ತಾನೆ.

* * *

ಅವಳು ವಿಚಾರಿಸಿದಾಗ ಉಡನಿಗೆ ಸಿಟ್ಟು ಬಂತು.

“ನಾನು ಕದ್ದಿದ್ರೆ ಕವರ್ ಬಿಟ್ಟು ಬರ್ತಿದ್ನಾ ಮೇಡಂ? ಹುಡುಗರು ಕೈಯಾರೆ ಮಾಡಿದ್ದು! ಅದಿಲ್ದೆ ರೆಕಾರ್ಡು ತಗೊಂಡು ಏನು ಮಾಡ್ಲಿ, ದೋಸೆ ಹುಯ್ಯಲಾ?”

ಕಂಪನಿಯವನು ಮಾತ್ರ ಬೆವರುತ್ತಿದ್ದ. “ನಾಳೆ ಕೈಗೇ ಬರೋದನ್ನ ಇವತ್ತು ಯಾಕೆ ಕದೀಲಿ? ಅದಿಲ್ದೆ ಹೋದ್ರೆ ನನ್ನ ಕೆಲಸಕ್ಕೇ ಕುತ್ತು.”

ಅವಳು ಅಂಗಡಿಗೆ ವಾಪಸು ಬಂದು ಕವರು ಕೈಗೆತ್ತಿಕೊಂಡಳು. ಬಲಗಡೆ ಬೆರಳು ತೂರಿಸಲು ಹೋದಳು. ಆಗಲಿಲ್ಲ.

“ಇದಕ್ಕೆ ಬಾಯಿ ಎಲ್ಲಿ?”

“ಎಡಕ್ಕೆ. ಗೋಂದು ಹಚ್ಚುವಾಗ ಹುಡುಗರು ತಪ್ಪು ಮಗ್ಗುಲು ಅಂಟಿಸಿಬಿಟ್ಟಿದ್ರು. ಎಲ್ಲಾ ಮುಗಿದ ಮೇಲೆ ನೋಡಿಕೊಂಡ್ರು.”

“ಗೊತ್ತಿಲ್ಲದವರು?”

“ನಿನ್ನ ಹಾಗೇ ಬಲಗಡೆ ಎಳೀತಾರೆ. ಆ ಅಂಚು ಸ್ವಲ್ಪ ಹರಿದಿರೋದು ಉಡನ ಕೆಲಸ. ಆಮೇಲೆ ಯಾರ ಕೈಗೂ ಕೊಟ್ಟಿಲ್ಲ. ನಾನೇ ಒಳಗೆ ಹೋಗಿ ರೆಕಾರ್ಡು ತೆಗೆದು ಹಾಕ್ತಿದ್ದೆ.”

“ಹೊಸದಾಗಿ ಎಲ್ಲೂ ಹರಿದಿಲ್ಲ. ಬಂದವನು ಸೀದಾ ಎಡಗಡೆಯಿಂದ ತೆಗೆದಿದ್ದಾನೆ.” ಅವಳು ಕವರನ್ನು ಕೆಳಗಿಟ್ಟಳು. “ಡ್ರಮ್ಮಣ್ಣ ಇಲ್ಲಿ ಬಂದು ಏನು ಕೇಳ್ತಿದ್ದ?”

ದಿನಾ ಬರುತ್ತಿದ್ದ. ‘ಅತ್ತಿಗೆ, ಎರಡನೇ ಮಗ್ಗುಲಿನ ಕೊನೆಗೆ ಮುಳ್ಳು ಇಡಿ’ ಅನ್ನುತ್ತಿದ್ದ. ತಾನು ಬಾರಿಸಿದ್ದನ್ನು ಕೇಳಿ ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅವಳು ಕೇಳಿದಾಗ ಹೊಳೆಯಿತು. ಕೊನೆಯಲ್ಲಿ ಡ್ರಮ್ಮೇ ಇಲ್ಲ. ಯಾರೋ ಹೆಂಗಸು ಬೈಯುವ ಸದ್ದು ಅಷ್ಟೆ ಅಂದೆ. ನಿನ್ನೆ ತಾನೇ ಕಂಪನಿಯವನು ಅವನೆದುರಿಗೆ ಹೇಳಿದ್ದ: “ಆ ಗಲಾಟೆ ಎಲ್ಲ ತೆಗೆದು ತೊಳೆದಿಟ್ಟ ಹಾಗೆ ಮಾಡ್ತೀವಿ.”

* * *

ಡ್ರಮ್ಮಣ್ಣ ಒಂದು ಹಳೆಯ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದ.

“ಮಾಮ, ಅದನ್ನ ತೆಗೀರಿ.”

“ಅದು ಕೆಟ್ಟಿದೆಯಮ್ಮಾ.”

“ಕೆಟ್ಟಿದ್ದಕ್ಕೆ ಇಷ್ಟು ಕಾವಲಾ?”

ಅವನು ನನ್ನ ಮುಖ ನೋಡಿದ. ಬಾಗಿಲು ತೆಗೆದ. ಒಳಗೆ ಬಿಳಿ ಬಟ್ಟೆ ಸುತ್ತಿ ರೆಕಾರ್ಡನ್ನು ನೆಟ್ಟಗೆ ನಿಲ್ಲಿಸಿದ್ದ. ಬಿಸಿಲಿಗೆ ಸೊಟ್ಟಗಾಗಬಾರದೆಂದು.

“ರೆಕಾರ್ಡು ಮಾರೋ ಹಾಗಿದ್ರೆ ಕವರೂ ಬೇಕಿತ್ತು,” ಅಂದಳು ಅವಳು. “ನಿಮಗೆ ಬೇಕಾಗಿದ್ದು ಅದರೊಳಗಿನ ಧ್ವನಿ. ಕವರಿನ ಬಾಯಿ ಎಲ್ಲಿ ಅಂತ ನಿಮ್ಮ ಕೈಗೆ ಮೊದಲೇ ಗೊತ್ತಿತ್ತು. ಅಂಟಿಸಿದ್ದು ನೀವೇ ಅಲ್ವಾ?”

ಡ್ರಮ್ಮಣ್ಣ ಸ್ಟೂಲು ಎಳೆದುಕೊಂಡು ಕೂತ.

“ನಮ್ಮಮ್ಮನ ಧ್ವನಿ ಅದೊಂದರಲ್ಲೇ ಉಳಿದಿರೋದು ಅತ್ತಿಗೆ. ಆ ಕಂಪನಿ ಹುಡುಗ ಅದನ್ನ ಕಸ ಅಂದುಕೊಂಡ.”

“ಹೇಳೋದಲ್ವೇನೋ ಅವನಿಗೆ?”

“ಅಮ್ಮ ಬೈದಿದ್ದನ್ನ ಕೇಳೋಕೆ ದಿನಾ ಬರ್ತೀನಿ ಅಂತ ಈ ವಯಸ್ಸಲ್ಲಿ ಹೇಗೆ ಹೇಳ್ಲಿ?”

* * *

ಸಂಜೆ ಡ್ರಮ್ಮಣ್ಣನನ್ನೂ ಕಂಪನಿಯವನನ್ನೂ ಅಂಗಡಿಯಲ್ಲಿ ಕೂರಿಸಿ ಮುಳ್ಳು ಇಟ್ಟೆ. ಡ್ರಮ್ಮು ನಿಂತಿತು. ಗಿಟಾರು ಗುಂಯ್ ಅಂದು ಕ್ಷೀಣವಾಯಿತು. ಬಾಗಿಲು ದಢಾರನೆ ತೆಗೆದ ಸದ್ದು.

‘ಸಾಕು ಮಾಡ್ರೋ! ಊಟ ಆರಿ ಹೋಯ್ತು, ಬನ್ರೋ!’

ಹುಡುಗರು ನಕ್ಕರು. ಮೂವರೂ. ಆಮೇಲೆ ಮುಳ್ಳಿನ ಕರಕರ ಒಂದೇ.

ಕಂಪನಿಯವನು ತಲೆ ತಗ್ಗಿಸಿದ. “ಇದನ್ನ ಮುಟ್ಟಲ್ಲ ಸರ್. ಬೇಕಾದ್ರೆ ಬರೆದುಕೊಡ್ತೀನಿ.”

“ಬರೆಯೋದೆಲ್ಲ ಬೇಡಪ್ಪ,” ಅಂದ ಡ್ರಮ್ಮಣ್ಣ. “ ನಾನೇ ಬಂದು ಪಕ್ಕದಲ್ಲಿ ಕೂತಿರ್ತೀನಿ.”

ನಾನು ದೂರು ವಾಪಸು ತಗೊಂಡೆ. ಇನ್‌ಸ್ಪೆಕ್ಟರಮ್ಮ ಹೋಗುವ ಮೊದಲು ತಾನೇ ಹಿತ್ತಲ ಚಿಲಕ ಹಾಕಿದಳು. ಬೆಕ್ಕು ಹೊರಗಿನಿಂದ ಕೂಗುತ್ತಿತ್ತು.

ಮರುದಿನ ಬೆಳಿಗ್ಗೆ ಕಂಪನಿಯವನು ಕಾರಿನಲ್ಲಿ ಹೊರಟ. ಪಕ್ಕದ ಸೀಟಿನಲ್ಲಿ ಡ್ರಮ್ಮಣ್ಣನೂ ಹೊರಟ. ತೊಡೆಯ ಮೇಲೆ ಕವರು. ಅದರ ಎಡಗಡೆಯ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಿದ್ದ.